ಸ್ತೋತ್ರದ ನೋಟ್‌ಬುಕ್: ಸವಕಲು ಸಾಲಿನ ಕಾಟಕ್ಕೆ ಕೊನೆಗೂ ಮದ್ದು

ದೇವರಿಗೆ ಸ್ತೋತ್ರ, ಅಂದರೆ ಕೃತಜ್ಞತೆ, ಹೇಳಲು ನೋಟ್‌ಬುಕ್ ಇಡುವುದು, ಮಲಗುವ ಮುಂಚೆ ಪ್ರಾರ್ಥಿಸಿ ಬರೆಯುವುದು ಎಲ್ಲರಿಗೂ ಗೊತ್ತು. ಕಾಟ ಶುರುವಾಗುವುದು ಆಮೇಲೆ. ಎರಡು ವಾರ ಕಳೆಯುವಷ್ಟರಲ್ಲಿ ಪುಟದ ತುಂಬ 'ಆರೋಗ್ಯ, ಮನೆಯವರು, ಅನ್ನ'. ಸ್ತೋತ್ರ ಹೋಗಿ ದಿನಸಿ ಚೀಟಿಯಾಗಿರುತ್ತದೆ.

ಮದ್ದು ಸಿಕ್ಕಿದ್ದು ಬೈಬಲಿನ 136ನೇ ಕೀರ್ತನೆಯಲ್ಲಿ. 26 ವಚನ, ಪ್ರತಿಯೊಂದರ ಕೊನೆಗೂ ಅದೇ ಪಲ್ಲವಿ, ಆದರೂ ಬೇಸರ ಬರುವುದಿಲ್ಲ. ವಚನಗಳ ಮೊದಲರ್ಧದಲ್ಲಿ ದೇವರು ಮಾಡಿದ ಕೆಲಸ ಒಂದೊಂದಾಗಿ ಬರುತ್ತದೆ: ಸಮುದ್ರ ಭಾಗಿಸಿದ್ದು, ಅರಣ್ಯದಲ್ಲಿ ನಡೆಸಿದ್ದು, ಸೋತ ಸೀಹೋನ್, ಓಗ್ ಅರಸರ ಹೆಸರು ಸಮೇತ. ನಮ್ಮ ಪಟ್ಟಿಯಲ್ಲಿ ಬರೀ ನಾಮಪದ.

ಹಾಗಾಗಿ ದಿನಕ್ಕೆ ಒಂದೇ ಸಾಲು, ಅದರಲ್ಲಿ ಮೂರು ಇರಲೇಬೇಕು: ಯಾವಾಗ, ಯಾರ ಕೈಯಿಂದ, ದೇವರು ಏನು ಮಾಡಿದ. 'ಅನ್ನ' ಅಲ್ಲ, 'ಗ್ಯಾಸ್ ಮುಗಿದ ಸಂಜೆ ಪಕ್ಕದ ಮನೆಯ ಅಜ್ಜಿಯ ಕೈಲಿ ಗಂಜಿ, ಉಪ್ಪಿನಕಾಯಿ ಕಳುಹಿಸಿದೆ, ಕರ್ತನೇ, ಸ್ತೋತ್ರ.' ವಾರದೊಳಗೆ ಅಜ್ಜಿಗೂ ಹೋಗಿ ಹೇಳಬೇಕು. ಯೇಸು ವಾಸಿಮಾಡಿದ ಹತ್ತು ಕುಷ್ಠರೋಗಿಗಳಲ್ಲಿ ಸ್ತೋತ್ರ ಹೇಳಲು ತಿರುಗಿ ಬಂದವನು ಒಬ್ಬನೇ, ಅವನೂ ಯೆಹೂದ್ಯರು ಹೊರಗಿನವನೆಂದು ಕಾಣುತ್ತಿದ್ದ ಸಮಾರ್ಯದವನು.

ಕೈಕೊಡುವ ಜಾಗ ಎರಡು. ಒಂದು, ಹೋಲಿಕೆಯ ಸಾಲು: 'ಅವರ ಗತಿ ನಮಗೆ ಬರಲಿಲ್ಲ, ಸ್ತೋತ್ರ.' ಇದು ಲೂಕ 18:11ರಲ್ಲಿ 'ಬೇರೆಯವರ ಹಾಗೆ ನಾನಿಲ್ಲ, ಸ್ತೋತ್ರ' ಎಂದ ಫರಿಸಾಯನ, ಅಂದರೆ ಧರ್ಮನಿಷ್ಠನೆಂಬ ಹೆಮ್ಮೆಯವನ, ಪ್ರಾರ್ಥನೆಯೇ. ಆ 'ಅವರ' ಎದುರು ಗಟ್ಟಿಯಾಗಿ ಓದಲಾಗದಿದ್ದರೆ ಹೊಡೆದುಹಾಕಿ. ಇನ್ನೊಂದು, ಕೆಟ್ಟ ದಿನ. ಆವತ್ತು ಹಲ್ಲು ಕಚ್ಚಿ ಸ್ತೋತ್ರ ಬರೆದರೆ ಮರುದಿನವೂ ಸುಳ್ಳೇ ಬರುತ್ತದೆ. ದೂರನ್ನೇ ದೇವರಿಗೆ ಬರೆಯಿರಿ. 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ, ಅದನ್ನು ಯಾರೂ ಕಿತ್ತುಹಾಕಿಲ್ಲ.

ಅಂಗಡಿಯ 'ಸ್ತೋತ್ರ ಡೈರಿ' ಮಾತ್ರ ಬೇಡ. ಮುಕ್ಕಾಲು ಪುಟ ಹೂವು, ವಚನ. ಬರೆಯಲು ಎರಡು ಗೆರೆ. ಇಂಕು ಪೆನ್ನು ಇಟ್ಟರೆ ಹಿಂದಿನ ಪುಟಕ್ಕೂ ಅಭಿಷೇಕ. 100 ಪುಟದ ಗೆರೆ ನೋಟ್‌ಬುಕ್ ಸಾಕು.

ಮುಂದಿನ ಪ್ರಯೋಗ ಅಡುಗೆಮನೆಯಲ್ಲಿ: ಬೈಬಲಿನ ಯಾಜಕಕಾಂಡ 7ನೇ ಅಧ್ಯಾಯದ ಕೃತಜ್ಞತಾಯಜ್ಞದ ರೊಟ್ಟಿಗಳು. ಹುಳಿಯಿಲ್ಲದ್ದು ಮೂರು ಬಗೆ, ಹುಳಿಹಿಟ್ಟಿನದು ಒಂದು. ಆ ಯಜ್ಞದ ಮಾಂಸವನ್ನು ಬೆಳಗಿನ ತನಕ ಉಳಿಸುವಂತಿರಲಿಲ್ಲ, ಅಂದರೆ ನಾಲ್ಕು ಜನರನ್ನು ಊಟಕ್ಕೆ ಕರೆಯದೆ ಗತ್ಯಂತರವಿಲ್ಲ. ಚರ್ಚಿನ ಬೆಳೆಹಬ್ಬದ ಏಲಂನಲ್ಲಿ ಕುಂಬಳಕಾಯಿ, ಬಾಳೆಗೊನೆಗಳ ನಡುವೆ ಈ ರೊಟ್ಟಿಗಳನ್ನೂ ಇಡಬಹುದು. ಎಣ್ಣೆ ಎಷ್ಟೆಂದು ಆ ಅಧ್ಯಾಯ ಹೇಳುವುದಿಲ್ಲ. ಸದ್ಯ ಒಂದು ಲೋಟ ಹಿಟ್ಟಿಗೆ ಎರಡು ಚಮಚದ ಲೆಕ್ಕ.