ಕುಮಟಾದವ್ರು ಬೀಚ್ ನೋಡೋಕೆ ಥಾಯ್ಲೆಂಡ್‌ಗೆ ಯಾಕೆ ಹೋಗ್ಬೇಕು?

ಥಾಯ್ಲೆಂಡಿಂದ ಬಂದಾಗಿಂದ ಊರಲ್ಲಿ, ಆಫೀಸಲ್ಲಿ, ಮದುವೆಮನೆ ಪಂಕ್ತೀಲಿ ಎಲ್ಲ ಕಡೆ ನಂಗೆ ಇದೇ ಪ್ರಶ್ನೆ. ಮನೆಯಿಂದ ಹತ್ತು ನಿಮಿಷ ನಡೆದ್ರೆ ಸಮುದ್ರ, ಪಕ್ಕದಲ್ಲೇ ಗೋಕರ್ಣ, ಆ ಕಡೆ ಹೋದ್ರೆ ಮುರುಡೇಶ್ವರ, ಈ ಕಡೆ ಹೋದ್ರೆ ಕಾರವಾರ, ಇಷ್ಟೆಲ್ಲ ಇಟ್ಕೊಂಡು ಬೀಚ್ ನೋಡೋಕೆ ಅಷ್ಟು ದೂರ ಯಾಕೆ ಹೋದ್ರಿ? ಫುಕೆಟ್‌ಗೆ ಹೋಗ್ಲೇ ಇಲ್ಲ ಅಂತ ಗೊತ್ತಾದ ಕೂಡ್ಲೇ ಇನ್ನೊಂದು, ಫುಕೆಟ್ ಬಿಟ್ರೆ ಅಲ್ಲಿ ಇನ್ನೇನಿದೆ? ಪ್ರತಿ ಸಲ ಅರ್ಧಂಬರ್ಧ ಹೇಳಿ ಸಾಕಾಗಿದೆ, ಇವತ್ತು ಕೂತು ಪೂರ್ತಿ ಬರೀತೀನಿ.

ನನ್ನ ಉತ್ತರ ಇಷ್ಟು. ನಮ್ಮ ಕರಾವಳಿ ಥರಾನೇ ಇದೆ ಅಂತ ಗೊತ್ತಿದ್ದಕ್ಕೇ ಹೋಗಿದ್ದು. ಮ್ಯಾಪ್ ತೆಗೆದು ನೋಡಿ, ಬ್ಯಾಂಕಾಕಿಂದ ಕೆಳಗೆ ಮಲೇಷ್ಯಾ ತನಕ ಇಳಿಯೋ ಆ ಸಣ್ಣ ಪಟ್ಟಿ, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ, ಮಧ್ಯದಲ್ಲಿ ತೆಂಗು, ಗದ್ದೆ, ಅಳಿವೆ, ಮೀನುಗಾರರ ಕೇರಿ. ಒಂದೇ ವ್ಯತ್ಯಾಸ, ಎಲ್ಲಾ ಉಲ್ಟಾ. ನಮ್ಮಲ್ಲಿ ಸೂರ್ಯ ಘಟ್ಟದಿಂದ ಎದ್ದು ಸಮುದ್ರದಲ್ಲಿ ಮುಳುಗ್ತಾನೆ, ಅಲ್ಲಿ ಪೂರ್ವಕ್ಕಿರೋ ಥಾಯ್ಲೆಂಡ್ ಕೊಲ್ಲಿ ಕಡೆ ದಂಡೇಲಿ ಸಮುದ್ರದಿಂದ ಎದ್ದು ಘಟ್ಟದ ಹಿಂದೆ ಹೋಗ್ತಾನೆ. ಅರವತ್ನಾಲ್ಕು ವರ್ಷದ ನಮ್ಮಮ್ಮ ಜೀವನದಲ್ಲಿ ಮೊದಲನೇ ಸಲ ಸೂರ್ಯ ನೀರಿಂದ ಏಳೋದು ನೋಡಿದ್ದು ಪ್ರಚುಆಪ್ ಅನ್ನೋ ಊರಲ್ಲಿ. ಕೈ ಮುಗಿದು ಸುಮ್ನೆ ನಿಂತ್ಲು, ಕಾಲು ಗಂಟೆ ಒಂದು ಮಾತೂ ಆಡ್ಲಿಲ್ಲ.

ನಾವು ಹೋಗಿದ್ದು ಫೆಬ್ರವರಿಯಲ್ಲಿ, ನಾನು, ಹೆಂಡ್ತಿ, ಅಮ್ಮ, ಒಂದು ಬಾಡಿಗೆ ಕಾರು, ಒಂಬತ್ತು ದಿನ. ಬ್ಯಾಂಕಾಕಲ್ಲಿ ಕಾರು ತಗೊಂಡು ದಕ್ಷಿಣದ ಹಾಟ್‌ಯಾಯ್‌ನಲ್ಲಿ ವಾಪಸ್ ಕೊಟ್ವಿ. ತಿಂಗಳ ಬಗ್ಗೆ ಒಂದು ಮಾತು ಹೇಳ್ಲೇಬೇಕು, ಯಾಕಂದ್ರೆ ನಮ್ಮವರು ಜಾಸ್ತಿ ತಪ್ಪು ಮಾಡೋದು ಇಲ್ಲೇ. ದಕ್ಷಿಣ ಥಾಯ್ಲೆಂಡ್‌ಗೆ ಎರಡು ದಂಡೆ, ಎರಡು ಮಳೆಗಾಲ. ಫುಕೆಟ್, ಕ್ರಾಬಿ ಇರೋ ಅಂಡಮಾನ್ ಕಡೆಗೆ ನಮ್ಮ ಹಾಗೇ ಮುಂಗಾರು, ಮೇಯಿಂದ ಅಕ್ಟೋಬರ್ ತನಕ. ಪೂರ್ವದ ಕೊಲ್ಲಿ ಕಡೆಗೆ ಹಿಂಗಾರು, ಅಕ್ಟೋಬರಿಂದ ಡಿಸೆಂಬರ್, ಅದ್ರಲ್ಲೂ ನವೆಂಬರ್ ಜೋರು. ಹಾಗಾಗಿ ದಸರಾ ರಜೆ, ದೀಪಾವಳಿ ರಜೆ ಅಂತ ಈ ದಂಡೆಗೆ ಹೋಗ್ಬೇಡಿ. ಫೆಬ್ರವರಿಯಿಂದ ಏಪ್ರಿಲ್ ಒಳ್ಳೇದು. ವೀಸಾ ನಾವು ಹೋದಾಗ ಬೇಕಿರ್ಲಿಲ್ಲ, ನೀವು ಟಿಕೆಟ್ ಬುಕ್ ಮಾಡೋ ಮುಂಚೆ ಒಂದು ಸಲ ಚೆಕ್ ಮಾಡ್ಕೊಳ್ಳಿ.

ಡ್ರೈವಿಂಗ್ ಹೆದರಿಕೆ ಬೇಡ. ನಮ್ಮ ಹಾಗೇ ಎಡಗಡೆ ಓಡಿಸ್ತಾರೆ, ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸ್ಕೊಂಡು ಹೋದ್ರೆ ಆಯ್ತು. ನಾಲ್ಕನೇ ನಂಬರ್ ಹೈವೇ, ಪೆಟ್‌ಕಸೆಮ್ ರೋಡ್ ಅಂತಾರೆ, ಬ್ಯಾಂಕಾಕಿಂದ ಮಲೇಷ್ಯಾ ಬಾರ್ಡರ್ ತನಕ, ಆ ದೇಶದಲ್ಲೇ ಅತಿ ಉದ್ದದ ರಸ್ತೆ. ಹಾರನ್ ಸದ್ದೇ ಇಲ್ಲ. ಎದುರಿಂದ ಬರೋನು ಲೈಟ್ ಹೊಡೆದ್ರೆ ‘ನೀನು ಬಾ’ ಅಂತಲ್ಲ, ‘ನಾನು ಬರ್ತಿದೀನಿ, ನಿಲ್ಲು’ ಅಂತ. ಪೆಟ್ರೋಲ್ ಬಂಕಲ್ಲಿ ಟಾಯ್ಲೆಟ್ ಎಷ್ಟು ಕ್ಲೀನ್ ಇರುತ್ತೆ ಅಂದ್ರೆ ಅಮ್ಮನ್ನ ಕರ್ಕೊಂಡು ಹೋದ ನಂಗೆ ಅರ್ಧ ಚಿಂತೆ ಅಲ್ಲೇ ಮುಗೀತು. ಕಾರು ತಗೊಳ್ಳೋವಾಗ ಮಾತ್ರ ಸುತ್ತಲೂ ವಿಡಿಯೋ ಮಾಡ್ಕೊಳ್ಳಿ, ನಮ್ಗೆ ಕೊಟ್ಟವರು ಮೊದಲೇ ಇದ್ದ ಗೀರಿಗೆ ಡೆಪಾಸಿಟ್ ಹಿಡಿಯೋಕೆ ನೋಡಿದ್ರು, ವಿಡಿಯೋ ತೋರ್ಸಿದ ಮೇಲೆ ಬಿಟ್ರು.

ಪ್ರಚುಆಪ್ ಖಿರಿ ಖಾನ್. ಖಿರಿ ಅಂದ್ರೆ ನಮ್ಮ ಗಿರಿನೇ. ನನ್ನ ಪ್ರಕಾರ ಇಡೀ ದಂಡೇಲಿ ಇದಕ್ಕಿಂತ ಚಂದದ ಊರಿಲ್ಲ, ಫಾರಿನ್‌ನವರು ಕಮ್ಮಿ, ಸಂಜೆ ಆದ್ರೆ ಊರಿನವರೇ ಮಕ್ಕಳನ್ನ ಕರ್ಕೊಂಡು ಸಮುದ್ರದ ಕಟ್ಟೆ ಮೇಲೆ ಬಂದು ಚಾಪೆ ಹಾಸಿ ಊಟ ಮಾಡ್ತಾರೆ. ಸಾಲಾಗಿ ಮೂರು ಕೊಲ್ಲಿ, ಮಧ್ಯ ಮಧ್ಯ ಸುಣ್ಣಕಲ್ಲಿನ ಗುಡ್ಡ. ದಕ್ಷಿಣದ ಕೊಲ್ಲಿ ಆವ್ ಮನಾವ್ ಇರೋದು ಏರ್‌ಫೋರ್ಸ್ ಬೇಸ್ ಒಳಗೆ. ಗೇಟ್ ದಾಟಿ, ವಿಮಾನದ ರನ್‌ವೇನೇ ಅಡ್ಡ ದಾಟಿ ಬೀಚಿಗೆ ಹೋಗ್ಬೇಕು! 1941ರ ಡಿಸೆಂಬರ್ 8ಕ್ಕೆ ಜಪಾನಿನ ಸೈನ್ಯ ಇಲ್ಲೇ ಇಳಿದು ಯುದ್ಧ ಆಗಿತ್ತು, ಸ್ಮಾರಕ ಇದೆ. ಈಗ ಅದೇ ದಂಡೇಲಿ ಗಾಳಿಮರದ ನೆರಳಲ್ಲಿ ಕುರ್ಚಿ ಹಾಕ್ಕೊಂಡು ಜನ ಪಪ್ಪಾಯಿ ಸಲಾಡ್ ತಿಂತಾ ಕೂತಿರ್ತಾರೆ. ಪಕ್ಕದ ಗುಡ್ಡದ ಬುಡದಲ್ಲಿ ಬೂದು ಬಣ್ಣದ ಮುಸುವ, ಕಣ್ಣಿನ ಸುತ್ತ ಸುಣ್ಣ ಬಳಿದ ಹಾಗೆ ಬಿಳಿ ಉಂಗುರ, ತಾಯಿ ಮಡಿಲಲ್ಲಿ ಮರಿ ನೋಡಿದ್ರೆ ಅದು ಕಿತ್ತಳೆ ಬಣ್ಣ. ನಮ್ಮೂರಿನ ಮಂಗನ ಹಾಗೆ ಕೈಲಿರೋದು ಕಿತ್ಕೊಳ್ಳಲ್ಲ, ಮೆಲ್ಲಗೆ ಬಂದು ಎದುರಿಗೆ ಕೂರುತ್ತೆ.

ಊರಿಂದ ಪಶ್ಚಿಮಕ್ಕೆ ನೋಡಿದ್ರೆ ಘಟ್ಟ, ಅದರಾಚೆ ಬರ್ಮಾ. ಇಡೀ ಥಾಯ್ಲೆಂಡ್ ಅತೀ ಸಪೂರ ಆಗೋದು ಇದೇ ಜಿಲ್ಲೇಲಿ, ಸಮುದ್ರದಿಂದ ಬಾರ್ಡರ್‌ಗೆ ಹನ್ನೆರಡು ಕಿಲೋಮೀಟರ್ ಅಷ್ಟೇ.

ಅಮ್ಮಂದು ಒಂದು ವಿಷ್ಯ ಹೇಳ್ಬೇಕು. ಅವಳು ಒಣಮೀನು ಮಾಡ್ತಾನೇ ಬೆಳೆದವಳು. ಪ್ರಚುಆಪ್‌ನ ಉತ್ತರದ ಕೊಲ್ಲಿ ಹತ್ರ ರಸ್ತೆ ಬದಿಗೆ ಬಿದಿರಿನ ಚೌಕಟ್ಟಿಗೆ ನೀಲಿ ಬಲೆ ಬಿಗಿದು, ಸೊಂಟದೆತ್ತರಕ್ಕೆ ಓರೆಯಾಗಿ ನಿಲ್ಲಿಸಿ, ಅದರ ಮೇಲೆ ಬೊಂಡಾಸ, ಅಂದ್ರೆ ಸ್ಕ್ವಿಡ್, ಹರಡಿದ್ರು. ಕಾರು ನಿಲ್ಸು ಅಂದ್ಲು. ಅಲ್ಲೊಬ್ಬ ಹೆಂಗಸು, ಅಮ್ಮನ ವಯಸ್ಸಿನವಳೇ, ಬೊಂಡಾಸ ಸೀಳ್ತಾ ಕೂತಿದ್ಲು. ಒಂದು ಗೀಟು, ಬೆರಳು ಹಾಕಿ ಒಳಗಿನ ಪಾರದರ್ಶಕ ಗರಿ ಎಳೆದು, ಶಾಯಿ ಚೀಲ ಒಡೀದ ಹಾಗೆ ತೆಗೆದು, ಸಮುದ್ರದ ನೀರಲ್ಲೇ ತೊಳೆದು ಬಲೆ ಮೇಲೆ ಚಪ್ಪಟೆ ಮಾಡಿ ಹಾಕೋದು. ಅಮ್ಮ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದನ್ನ ಕೈಗೆ ತಗೊಂಡ್ಲು. ಭಾಷೆ ಇಬ್ಬರಿಗೂ ಗೊತ್ತಿಲ್ಲ. ಆಕೆ ಸೂರ್ಯನ ಕಡೆ ತೋರ್ಸಿ ಒಂದು ಬೆರಳೆತ್ತಿ ‘ದ್ಯಾತ್ ದಿಯಾವ್’ ಅಂದ್ಲು, ಒಂದೇ ಬಿಸಿಲು ಅಂತ. ಪೂರ್ತಿ ಒಣಗಿಸಲ್ಲ, ಒಂದು ದಿನದ ಬಿಸಿಲು ತೋರ್ಸಿ ತೆಗೆದು ಕಾಯಿಸೋದು, ಹೊರಗೆ ಗರಿ, ಒಳಗೆ ಮೆತ್ತಗೆ. ಅಮ್ಮ ಎರಡು ಬೆರಳು, ಮೂರು ಬೆರಳು ತೋರ್ಸಿ ನಮ್ಮಲ್ಲಿ ಮೂರು ಬಿಸಿಲು ಅಂದ್ಲು. ಇಬ್ಬರೂ ನಕ್ಕರು. ಅರ್ಧ ಗಂಟೇಲಿ ಅಮ್ಮ ಹತ್ತಿಪ್ಪತ್ತು ಬೊಂಡಾಸ ಸೀಳಿಕೊಟ್ಲು. ಆ ರಾತ್ರಿ ಕಟ್ಟೆ ಮೇಲೆ ಕೂತು ಒಂದು ಬಿಸಿಲಿನ ಬೊಂಡಾಸ ತಿಂದ್ವಿ, ಎದುರಿಗೆ ಕಡಲಲ್ಲಿ ಸಾಲಾಗಿ ಹಸಿರು ದೀಪ, ಬೊಂಡಾಸ ಹಿಡಿಯೋ ದೋಣಿಗಳು ನೀರಿಗೆ ಹಸಿರು ಬೆಳಕು ಬಿಟ್ಟು ಕಾಯ್ತಾ ನಿಂತಿರ್ತವೆ, ಮೋಡಕ್ಕೂ ಹಸಿರು ಬಣ್ಣ ಹತ್ತಿರುತ್ತೆ. ಫುಕೆಟ್‌ನಲ್ಲಿ ಏನಿದೆಯೋ ನಂಗೊತ್ತಿಲ್ಲ, ಆದ್ರೆ ಆ ರಾತ್ರಿ ಇನ್ನೇನೂ ಬೇಕು ಅನ್ನಿಸ್ಲಿಲ್ಲ.

ಅಲ್ಲಿಂದ ಸ್ವಲ್ಪ ಕೆಳಗೆ ವಾ ಕೋ ಅಂತ ಒಂದು ದಂಡೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣ ನೋಡೋಕೆ ಆ ದೇಶದ ರಾಜ ಮೊಂಗ್ಕುಟ್ ಬಂದಿದ್ದು ಇಲ್ಲಿಗೇ. ಗ್ರಹಣ ಎಲ್ಲಿ, ಎಷ್ಟು ಹೊತ್ತಿಗೆ ಅಂತ ತಾನೇ ಲೆಕ್ಕ ಹಾಕಿ, ಫ್ರೆಂಚ್ ಖಗೋಳ ವಿಜ್ಞಾನಿಗಳನ್ನ, ಸಿಂಗಾಪುರದ ಬ್ರಿಟಿಷ್ ಗವರ್ನರ್‌ನ ಕರೆಸಿದ್ದ. ಲೆಕ್ಕ ಸರಿಯಾಯ್ತು, ಆರು ನಿಮಿಷದ ಮೇಲೆ ಕತ್ತಲಾಯ್ತು. ಆದ್ರೆ ಅಲ್ಲೇ ರಾಜನಿಗೂ ಮಗನಿಗೂ ಮಲೇರಿಯಾ ಹತ್ತಿ, ಅಕ್ಟೋಬರ್ 1ಕ್ಕೆ ರಾಜ ತೀರ್ಕೊಂಡ, ಬದುಕುಳಿದ ಹದಿನೈದರ ಹುಡುಗ ಚುಲಲಾಂಗ್‌ಕಾರ್ನ್ ಪಟ್ಟಕ್ಕೆ ಬಂದ. ಇದನ್ನ ಓದ್ತಾ ನಿಂತಾಗ ನನ್ನ ಮೈ ಜುಂ ಅಂತು, ಯಾಕಂದ್ರೆ ಅದೇ ದಿನ ಅದೇ ನೆರಳು ಮೊದಲು ಹಾದು ಹೋಗಿದ್ದು ನಮ್ಮ ಜಮಖಂಡಿ, ವಿಜಯಪುರದ ಮೇಲೆ. ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹರ್ಷಲ್‌ನ ಮೊಮ್ಮಗ ಲೆಫ್ಟಿನೆಂಟ್ ಜಾನ್ ಹರ್ಷಲ್ ಜಮಖಂಡಿಯಲ್ಲಿ ದೂರದರ್ಶಕ ಹೂಡಿ ಕೂತಿದ್ದ. ಆ ಗ್ರಹಣದಲ್ಲಿ ಸೂರ್ಯನ ಬೆಳಕಲ್ಲಿ ಕಂಡ ಹಳದಿ ಗೆರೆಯಿಂದಾನೇ ಮುಂದೆ ಹೀಲಿಯಂ ಗೊತ್ತಾಗಿದ್ದು. ಜಮಖಂಡಿಯಿಂದ ಗುಂಟೂರು, ಬಂಗಾಳ ಕೊಲ್ಲಿ ದಾಟಿ ಈ ಮರಳ ಮೇಲೆ, ಒಂದೇ ನೆರಳು. ಈಗಲ್ಲಿ ಸೈನ್ಸ್ ಪಾರ್ಕ್, ಅಕ್ವೇರಿಯಂ ಇದೆ, ಮಕ್ಕಳಿದ್ರೆ ತಪ್ಪಿಸ್ಬೇಡಿ.

ಬಾನ್ ಕ್ರುಟ್, ಬಾಂಗ್ ಸಫಾನ್ ಎರಡೂ ಉದ್ದುದ್ದ ಖಾಲಿ ಬೀಚ್, ತೆಂಗಿನ ತೋಟದ ಮಧ್ಯೆ ರೋಡ್. ಹೈವೇ ಇಲ್ಲಿ ಒಳಗಡೆ ಹೋಗುತ್ತೆ, ಸಮುದ್ರದ ಪಕ್ಕದ ಸಣ್ಣ ರಸ್ತೆ ಊರಿನವರಿಗೇ ಬಿಟ್ಟಿದಾರೆ. ನಮ್ಮ ಅರವತ್ತಾರನೇ ಹೆದ್ದಾರಿ ಅಗಲ ಮಾಡೋವಾಗ ಎಷ್ಟು ಗುಡ್ಡ ಕಡಿದ್ರು, ಎಷ್ಟು ಮನೆ ಹೋಯ್ತು ಅಂತ ಕಣ್ಣಾರೆ ನೋಡಿದ ನಂಗೆ ಇಲ್ಲಿ ಹೊಟ್ಟೆ ಉರೀತು, ಸುಳ್ಳು ಹೇಳಲ್ಲ. ಹಾಗಂತ ಅಲ್ಲೂ ಎಲ್ಲಾ ಸರಿ ಇದೆ ಅಂತಲ್ಲ, ಅಲೆ ಜೊತೆ ಬಂದ ಪ್ಲಾಸ್ಟಿಕ್ ಬಾಟಲಿ, ಹರಿದ ಬಲೆ, ಚಪ್ಪಲಿ ಅಲ್ಲಿನ ದಂಡೆ ಮೇಲೂ ಇದೆ.

ಚುಂಫೊನ್‌ನಲ್ಲಿ ರಸ್ತೆ ಕವಲು. ಬಲಕ್ಕೆ ನಾಲ್ಕನೇ ಹೈವೇ ಮಳೆಗೆ ಹೆಸರಾದ ರನಾಂಗ್ ಕಡೆ, ಅಂದ್ರೆ ಅಂಡಮಾನ್ ದಂಡೆಗೆ. ನಾವು ನೇರ 41 ಹಿಡಿದ್ವಿ. ಸೂರತ್ ಥಾನಿ ಊಟಕ್ಕೆ ಮಾತ್ರ ನಿಂತಿದ್ದು, ಆದ್ರೆ ಹೆಸರು ಕೇಳಿ, ಗುಜರಾತಿನ ಸೂರತ್ ನೆನಪಿಗೆ ರಾಜ ವಜಿರಾವುಧ್ 1915ರಲ್ಲಿ ಇಟ್ಟಿದ್ದು, ಅಲ್ಲಿನ ನದಿಗೂ ತಾಪಿ ಅಂತಾನೇ ಹೆಸರು.

ಖನೊಮ್‌ನಲ್ಲಿ ಬೆಳಿಗ್ಗೆ ದೋಣಿ ಮಾಡ್ಕೊಂಡು ಹೋಗಿ ಗುಲಾಬಿ ಡಾಲ್ಫಿನ್ ನೋಡಿದ್ವಿ. ಹುಟ್ಟುವಾಗ ಬೂದು, ವಯಸ್ಸಾದ ಹಾಗೆ ಬಣ್ಣ ಬಿಟ್ಟು ಒಳಗಿನ ರಕ್ತದ ಕೆಂಪು ಕಾಣುತ್ತೆ. ಕಾರವಾರದ ಕೂರ್ಮಗಡ ಹತ್ರ ಕಾಣೋ ನಮ್ಮ ಡಾಲ್ಫಿನ್ನಿಗೆ ದಾಯಾದಿನೇ, ನಮ್ದು ಬೂದಾಗೇ ಇರುತ್ತೆ. ಅಲ್ಲಿಂದ ಸಿಚೊನ್‌ಗೆ ಹೋಗೋವಾಗ ಖಾವ್ ಪ್ಲಾಯ್ ದಾಮ್ ಗುಡ್ಡದ ಅಂಚಲ್ಲಿ ಒಂದು ರಸ್ತೆ ಇದೆ, ಕೆಳಗೆ ನೀಲಿ, ಮೇಲೆ ಕಾಡು, ತಿರುವಿಗೊಂದು ನಿಲ್ಲಿಸ್ಬೇಕು ಅನ್ಸುತ್ತೆ. ಸಿಚೊನ್‌ನ ವಾಟ್ ಚೇದಿ ದೇವಸ್ಥಾನದಲ್ಲಿ ಆಯ್ ಖಾಯ್ ಅನ್ನೋ ಬಾಲಕನ ಮರದ ಮೂರ್ತಿ. ಹರಕೆ ಹೊತ್ತು ಕೆಲಸ ಆದ್ರೆ ಹುಂಜದ ಗೊಂಬೆ ತಂದಿಡ್ತಾರೆ, ಪಟಾಕಿ ಸರ ಹೊಡೀತಾರೆ. ಸಾವಿರಾರು ಹುಂಜ, ಅಂಗೈಯಷ್ಟರಿಂದ ಆಳೆತ್ತರದ ತನಕ. ನಮ್ಮ ದೈವದ ಹರಕೆ ಗೊತ್ತಿರೋರಿಗೆ ಏನೂ ಬಿಡಿಸಿ ಹೇಳ್ಬೇಕಿಲ್ಲ, ಅಮ್ಮ ಹೋದ ಕೂಡ್ಲೇ ಚಪ್ಪಲಿ ಬಿಟ್ಟು ಕಾಣಿಕೆ ಹಾಕಿದ್ಲು.

ನಖೊನ್ ಸೀ ಥಮ್ಮರಾತ್, ಅಂದ್ರೆ ನಗರ ಶ್ರೀ ಧರ್ಮರಾಜ. ಊರ ನಡುವೆ ಈಶ್ವರನ ಗುಡಿ, ಎದುರಿಗೆ ನಾರಾಯಣನ ಗುಡಿ, ಎರಡೂ ಪುಟ್ಟವು. ನಾನು ಹೋಗಿದ್ದು ಮುಖ್ಯವಾಗಿ ತೊಗಲುಗೊಂಬೆ ನೋಡೋಕೆ. ಅಲ್ಲಿ ಅದಕ್ಕೆ ನಾಂಗ್ ತಾಲುಂಗ್ ಅಂತಾರೆ, ಸುಚಾರ್ತ್ ಸಪ್ಸಿನ್ ಅನ್ನೋ ಹಿರಿಯ ಕಲಾವಿದರ ಮನೆಯೇ ಮ್ಯೂಸಿಯಂ ಆಗಿದೆ. ದನದ ಚರ್ಮದ ಮೇಲೆ ಸಣ್ಣ ಉಳಿ ಇಟ್ಟು ಟಕ್ ಟಕ್ ಅಂತ ತೂತು ಹೊಡೀತಾ ಕೂತಿದ್ರು ಒಬ್ಬರು, ಒಂದು ಸೀರೆ ಅಂಚಿಗೆ ನೂರಾರು ತೂತು. ಆಟದ ಶುರುಗೆ ಋಷಿ ಬರ್ತಾನೆ, ಆಮೇಲೆ ನಂದಿ ಏರಿ ಈಶ್ವರ. ಹಾಸ್ಯಕ್ಕೆ ಕಪ್ಪು ಕಪ್ಪು ಡೊಳ್ಳು ಹೊಟ್ಟೆಯ ಗೊಂಬೆಗಳು, ಊರಿನ ಭಾಷೇಲಿ ಬಾಯಿಗೆ ಬಂದಿದ್ದು ಮಾತಾಡೋರು. ನಮ್ಮ ಕಿಳ್ಳೇಕ್ಯಾತ ಬಂದು ಎದುರಿಗೆ ನಿಂತ ಹಾಗೆ! ಚಿಕ್ಕ ಆಟ, ಕತ್ತಲೆ ಕೋಣೆ, ಒಂದಕ್ಷರ ಅರ್ಥ ಆಗ್ದೆ ಇದ್ರೂ ಎಲ್ಲಿ ನಗ್ಬೇಕು ಅಂತ ಅಮ್ಮಂಗೆ ಗೊತ್ತಾಗ್ತಿತ್ತು.

ಸಸ್ಯಾಹಾರಿಗಳಿಗೆ ಏನು ಗತಿ ಅಂತಾನೂ ಕೇಳ್ತಾರೆ. ನನ್ನ ಹೆಂಡ್ತಿ ಮೀನು ತಿನ್ನಲ್ಲ, ಮತ್ತೆ ಅಲ್ಲಿ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್, ಚಟ್ನಿಗೂ ಸಿಗಡಿ ಪೇಸ್ಟ್. ‘ಕಿನ್ ಜೇ’ ಅಂತ ಹೇಳಿ, ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ 17ರ ಥರ ಕಾಣೋ ಬರಹ ಇರೋ ಅಂಗಡಿ ಹುಡುಕಿ, ಅಲ್ಲಿ ಬೆಳ್ಳುಳ್ಳಿ ಈರುಳ್ಳಿನೂ ಇರಲ್ಲ. ಖನೊಮ್ ಚೀನ್ ಅಂತ ಅಕ್ಕಿ ಶಾವಿಗೆ ಎಲ್ಲ ಕಡೆ ಸಿಗುತ್ತೆ, ನಮ್ಮ ಒತ್ತು ಶಾವಿಗೆನೇ, ಮೇಲೆ ಹಾಕೋ ಸಾರು ಮಾತ್ರ ಬೇಡ ಅನ್ನಿ.

ಕೊನೆಗೆ ಸಾಂಗ್‌ಖ್ಲಾ, ಒಂದು ಕಡೆ ದೊಡ್ಡ ಸರೋವರ, ಇನ್ನೊಂದು ಕಡೆ ಸಮುದ್ರ, ಸಮೀಲಾ ಬೀಚಲ್ಲಿ ಕೂದಲು ಹಿಂಡ್ತಾ ಕೂತ ಚಿನ್ನದ ಬಣ್ಣದ ಮತ್ಸ್ಯಕನ್ಯೆ, ಎಲ್ಲರೂ ಅದರ ಜೊತೆ ಫೋಟೋ. ನಾವೂ ತೆಗೆಸ್ಕೊಂಡ್ವಿ.

ಮೊನ್ನೆ ಮಳೆ ನಿಂತ ಮೇಲೆ ಊರಿಗೆ ಹೋಗಿದ್ದೆ. ಹಿತ್ತಲಲ್ಲಿ ಅಮ್ಮ ಮೀನು ಒಣಗಿಸ್ತಿದ್ದ ಚಾಪೆ ನೆಲದ ಮೇಲೆ ಇಲ್ಲ. ಅಡಿಕೆ ದಬ್ಬೆಯ ಚೌಕಟ್ಟು, ಅದಕ್ಕೆ ಹಳೇ ಬಲೆ ಬಿಗಿದು, ಸೊಂಟದೆತ್ತರಕ್ಕೆ ಓರೆಯಾಗಿ ನಿಲ್ಸಿದಾಳೆ. ಪಕ್ಕದ ಮನೆಯವರು ಬೇಲಿ ಮೇಲಿಂದ ಇದೇನೇ ಇದು ಅಂತ ಕೇಳಿದ್ರು. ಅಮ್ಮ ಆಕಾಶದ ಕಡೆ ತೋರ್ಸಿ ಒಂದು ಬೆರಳೆತ್ತಿದ್ಲು.