ನರಕ್ಕೆ ಹಾಕಿದ ಕೊಂಡಿ

ನಮ್ಮ ಅಣ್ಣ ಇಳಕಲ್ಲಿನಲ್ಲಿ ಕೈಮಗ್ಗದ ನೇಕಾರ. ಎರಡು ವರ್ಷಗಳ ಹಿಂದೆ ಒಡೆದ ಕಿಟಕಿಯ ಗಾಜು ಅವನ ಬಲ ಮಣಿಕಟ್ಟನ್ನು ಸೀಳಿದಾಗ, ಹತ್ತಿರದ ಆಸ್ಪತ್ರೆಯೊಂದರಲ್ಲಿ ರಕ್ತ ನಿಲ್ಲಿಸಿ, ಚರ್ಮಕ್ಕೆ ಆರು ಹೊಲಿಗೆ ಹಾಕಿ ಮನೆಗೆ ಕಳುಹಿಸಿದರು. ಗಾಯವೇನೋ ಬೇಗ ಮಾಯಿತು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ಜೋಮು ಮಾತ್ರ ಇಳಿಯಲಿಲ್ಲ. ಬಾವು ಇಳಿದರೆ ಸರಿಹೋಗುತ್ತದೆ ಎಂಬ ಮಾತನ್ನು ನಂಬಿ ನಾಲ್ಕು ತಿಂಗಳು ಕಳೆದೆವು. ಮರಗಟ್ಟಿಸುವ ಚುಚ್ಚುಮದ್ದು ಕೊಡುವ ಮೊದಲು ಬೆರಳ ತುದಿಗಳನ್ನು ಮುಟ್ಟಿ, ಗೊತ್ತಾಗುತ್ತದೆಯೇ ಎಂದು ಒಬ್ಬರಾದರೂ ಕೇಳಿದ್ದರೆ, ಈ ಬೆರಳುಗಳ ಸ್ಪರ್ಶವನ್ನು ಒಯ್ಯುವ ಮೀಡಿಯನ್ ನರ ತುಂಡಾಗಿರುವುದು ಅಂದೇ ತಿಳಿಯುತ್ತಿತ್ತು ಎಂಬ ಸಂಕಟ ನನಗೆ ಇಂದಿಗೂ ಹೋಗಿಲ್ಲ.

ತುಂಡಾದ ನರದಲ್ಲಿ ಗಾಯದಿಂದ ಬೆರಳಿನ ಕಡೆಗಿರುವ ತಂತುಗಳೆಲ್ಲ ಸಾಯುತ್ತವೆ. ಬ್ರಿಟಿಷ್ ಶರೀರವಿಜ್ಞಾನಿ ಆಗಸ್ಟಸ್ ವಾಲರ್ 1850ರಲ್ಲಿ ಕಪ್ಪೆಯ ನಾಲಿಗೆಯ ನರಗಳನ್ನು ಕತ್ತರಿಸಿ ಇದನ್ನು ವಿವರಿಸಿದರು. ತಂತು ಸತ್ತರೂ ಅದರ ಸುತ್ತಲಿನ ಶ್ವಾನ್ ಕೋಶಗಳು ಉಳಿಯುತ್ತವೆ. ಅವು ಕಸವನ್ನು ತೆರವುಗೊಳಿಸಲು ನೆರವಾಗಿ, ಸಾಲಾಗಿ ನಿಂತು, ಮೇಲಿನಿಂದ ಬರುವ ಹೊಸ ಚಿಗುರಿಗೆ ದಾರಿಯಾಗುತ್ತವೆ. ಆ ದಾರಿ ಸಿಗದ ಚಿಗುರುಗಳು ಅಲ್ಲಲ್ಲೇ ಸುತ್ತಿಕೊಂಡು ಗಂಟಾಗುತ್ತವೆ. ಅಣ್ಣನ ಮಣಿಕಟ್ಟಿನಲ್ಲಿ ಆಗಿದ್ದೂ ಅದೇ.

ಬೆಳಗಾವಿಯ ಶಸ್ತ್ರವೈದ್ಯರು ಆ ಗಂಟನ್ನು ಕತ್ತರಿಸಿ ತೆಗೆದಾಗ ಎರಡು ತುದಿಗಳ ನಡುವೆ ಮೂರು ಸೆಂಟಿಮೀಟರ್ ಅಂತರ ಉಳಿಯಿತು. ಎಳೆದು ಹೊಲಿದರೆ ಬಿಗಿತಕ್ಕೆ ರಕ್ತ ಸಂಚಾರ ಕುಂದಿ ನರ ಚಿಗುರುವುದಿಲ್ಲವಾದ್ದರಿಂದ, ಮೀನಖಂಡದ ಹಿಂದಿನ ಸ್ಯೂರಲ್ ನರವನ್ನು ತೆಗೆದು ತುಂಡುಗಳನ್ನಾಗಿ ಮಾಡಿ, ಸೂಕ್ಷ್ಮದರ್ಶಕದಡಿ ತಲೆಗೂದಲಿಗಿಂತ ತೆಳುವಾದ ನೈಲಾನ್ ದಾರದಿಂದ ಎರಡೂ ಬದಿಗೆ ಜೋಡಿಸಿದರು. ಆ ನರ ತೆಗೆದರೆ ಪಾದದ ಹೊರ ಅಂಚಿನ ಸ್ಪರ್ಶ ಹೋಗುತ್ತದೆ ಎಂದು ಮೊದಲೇ ತಿಳಿಸಿದ್ದರು. ಅಣ್ಣನಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಲಿಲ್ಲ. ಒಡಲಿನ ಹಾಸಿಗೂ (ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳಿಗೂ) ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವುದು ಇಳಕಲ್ ಸೀರೆಯ ಕಸುಬೇ ಅಲ್ಲವೇ?

ಆದರೆ ಕೊಂಡಿ ಹಾಕಿದ ಕೂಡಲೇ ಸೆರಗು ನೇಯಬಹುದು. ನರದಲ್ಲಿ ವೈದ್ಯರು ಜೋಡಿಸುವುದು ಹೊದಿಕೆಯನ್ನು ಮಾತ್ರ, ಒಳಗಿನ ತಂತು ತಾನೇ ಬೆಳೆಯಬೇಕು. ಅದರ ವೇಗ ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಮೂರು ವಾರ ಕೈಗೆ ಪಟ್ಟಿ ಇತ್ತು. ಆಮೇಲೆ ಪ್ರತಿ ತಿಂಗಳು ವೈದ್ಯರು ನರದ ಜಾಡಿನಲ್ಲಿ ಬೆರಳಿನಿಂದ ಮೆಲ್ಲಗೆ ತಟ್ಟುತ್ತಿದ್ದರು. ಎಲ್ಲಿ ತಟ್ಟಿದರೆ ಬೆರಳಿನೊಳಗೆ ಜುಮ್ಮೆನ್ನುತ್ತದೋ ಅಲ್ಲಿಯವರೆಗೆ ಚಿಗುರು ಬಂದಿದೆ ಎಂದರ್ಥ. ಅಣ್ಣ ಆ ಜಾಗಕ್ಕೆ ಪೆನ್ನಿನಿಂದ ಚುಕ್ಕೆ ಇಟ್ಟು ಅತ್ತಿಗೆಗೆ ತೋರಿಸುತ್ತಿದ್ದ. ಚುಕ್ಕೆ ಅಂಗೈ ದಾಟಿ ತೋರುಬೆರಳಿನ ಬುಡಕ್ಕೆ ಬಂದ ದಿನ ಅವನು ಮಾತೇ ಆಡಲಿಲ್ಲ.

ಈಗ ಬಿಸಿ, ತಣ್ಣಗೆ ಗೊತ್ತಾಗುತ್ತದೆ. ಹೆಬ್ಬೆರಳು ಕಿರುಬೆರಳನ್ನು ಮುಟ್ಟುತ್ತದೆ. ಬಂದ ಸ್ಪರ್ಶವನ್ನು ಮಿದುಳು ಮತ್ತೆ ಗುರುತಿಸಲು ಕಲಿಯಬೇಕಾದ್ದರಿಂದ ದಿನವೂ ಸಂಜೆ ಅತ್ತಿಗೆ ಅವನ ಕಣ್ಣು ಮುಚ್ಚಿಸಿ ಬೆರಳ ನಡುವೆ ಒಂದೊಂದೇ ಎಳೆ ಇಡುತ್ತಾಳೆ. ನೂಲೋ ರೇಷ್ಮೆಯೋ ಎಂದು ಅವನು ಹೇಳಬೇಕು. ಹೋದ ಭಾನುವಾರ ನಾನು ಎದುರಿಗೇ ಕುಳಿತಿದ್ದೆ. ಹತ್ತರಲ್ಲಿ ಏಳು ಸರಿಯಾದವು.