ಪಂಚಾಯತಿ ಗಾಡಿಗೆ ಚಾಲಕಿಯರು ಸಿಕ್ಕ ಬಗೆ

ಸಾಗರ ತಾಲ್ಲೂಕಿನ ನಮ್ಮ ಗ್ರಾಮ ಪಂಚಾಯತಿಗೆ ಸ್ವಚ್ಛ ಭಾರತ್ ಮಿಷನ್ನಿನ ಎರಡನೇ ಹಂತದಲ್ಲಿ ಕಸ ಸಾಗಿಸುವ ಗಾಡಿಯೊಂದು ಬಂದು, ಅದಕ್ಕೆ ಪೂಜೆಯೂ ಆಗಿ, ಕಚೇರಿಯ ಹಿಂದಿನ ಶೆಡ್ಡಿನಲ್ಲಿ 2022ರ ಮಳೆಗಾಲವನ್ನು ಪೂರ್ತಿಯಾಗಿ ನಿಂತಲ್ಲೇ ಕಳೆಯಿತು. ಓಡಿಸುವವರು ಇರಲಿಲ್ಲ. ಪಂಚಾಯತಿಯ ಸಿಬ್ಬಂದಿ ಪಟ್ಟಿಯಲ್ಲಿ ಕರ ವಸೂಲಿಗಾರ, ಡಾಟಾ ಎಂಟ್ರಿ ಆಪರೇಟರ್, ನೀರುಗಂಟಿ, ಜವಾನ, ಸ್ವಚ್ಛತಾಗಾರ ಎಂಬ ಹುದ್ದೆಗಳಿದ್ದವು. ಚಾಲಕ ಎಂಬ ಹುದ್ದೆಯೇ ಇರಲಿಲ್ಲ. ಹೊಸದಾಗಿ ಒಬ್ಬರನ್ನು ನೇಮಿಸಿಕೊಳ್ಳಲು ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳ ಅನುಮೋದನೆ ಬೇಕು, ಸಂಬಳಕ್ಕೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನೂ ತೋರಿಸಬೇಕು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು. ಉಳಿದ ಭಾಗವನ್ನು ಸ್ಥಳೀಯ ಅಗತ್ಯಗಳಿಗೆ ಬಳಸಬಹುದಾಗಿದ್ದರೂ ಸಂಬಳಕ್ಕೆ ಬಳಸುವಂತಿರಲಿಲ್ಲ. ಹೀಗಾಗಿ ಗಾಡಿಗೆ ಹಣ ಸಿಕ್ಕಿತು, ಗಾಡಿಯ ಮೇಲೆ ಕೂರುವ ಮನುಷ್ಯರಿಗೆ ಸಿಗಲಿಲ್ಲ.

ನಾನು ಆಗ ಊರಿನ ಮಹಿಳಾ ಸ್ವಸಹಾಯ ಸಂಘಗಳು ಸೇರಿದ ಸಂಜೀವಿನಿ ಒಕ್ಕೂಟದಲ್ಲಿ ಮುಖ್ಯ ಪುಸ್ತಕ ಬರಹಗಾರ್ತಿಯಾಗಿದ್ದೆ. ಸ್ವಸಹಾಯ ಸಂಘಗಳ ಲೆಕ್ಕ ನೋಡಲು ಮನೆಮನೆಗೆ ಹೋಗುತ್ತಿದ್ದುದರಿಂದ ಯಾರ ಮನೆಯಲ್ಲಿ ಯಾರು ಎಷ್ಟು ಓದಿ ಸುಮ್ಮನೆ ಕುಳಿತಿದ್ದಾರೆ ಎಂಬುದು ನನಗೆ ಗೊತ್ತಿತ್ತು. ಎಸ್‌ಎಸ್‌ಎಲ್‌ಸಿ, ಪಿಯುಸಿ ಮುಗಿಸಿದವರು, ಬಿ.ಎ. ಮಾಡಿ ಮದುವೆಯಾಗಿ ಬಂದವರು, ಅಡಿಕೆ ಸುಲಿಯುವ ಕಾಲದಲ್ಲಿ ಮಾತ್ರ ಕೈಗೆ ನಾಲ್ಕು ಕಾಸು ಕಾಣುವವರು. ಅವರಲ್ಲಿ ಕೆಲವರು ಸರ್ಕಾರಿ ನೌಕರಿಗೆ ಅರ್ಜಿ ಹಾಕುತ್ತಲೇ ವಯಸ್ಸು ಮೀರಿದವರು. ಆ ದಾರಿ ಎಷ್ಟು ಇಕ್ಕಟ್ಟಾದದ್ದು ಎಂಬುದಕ್ಕೆ ಒಂದೇ ಉದಾಹರಣೆ ಸಾಕು: ಸುಮಾರು ಆರು ಸಾವಿರ ಗ್ರಾಮ ಪಂಚಾಯತಿಗಳಿರುವ ರಾಜ್ಯದಲ್ಲಿ, ಎರಡು ವರ್ಷಗಳ ನಂತರ, 2024ರಲ್ಲಿ ಲೋಕಸೇವಾ ಆಯೋಗ ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹುದ್ದೆಗಳಿಗೆ ಅರ್ಜಿ ಕರೆದಾಗ ಅವುಗಳ ಸಂಖ್ಯೆ 247 ಇತ್ತು. ನಮ್ಮ ಪಿಡಿಒ ಅವರೇ ಪಕ್ಕದ ಪಂಚಾಯತಿಯ ಪ್ರಭಾರವನ್ನೂ ಹೊತ್ತು, ವಾರದ ಅರ್ಧ ಅಲ್ಲಿ, ಅರ್ಧ ಇಲ್ಲಿ ಎಂಬಂತೆ ಓಡಾಡುತ್ತಿದ್ದರು. ಕೆಲಸ ರಾಶಿ ಬಿದ್ದಿತ್ತು, ಮಾಡಬಲ್ಲವರೂ ಅದೇ ಊರಿನಲ್ಲಿದ್ದರು. ಎರಡನ್ನೂ ಕೂಡಿಸುವ ಹೊಣೆ ಮಾತ್ರ ಯಾರದ್ದೂ ಆಗಿರಲಿಲ್ಲ.

ಸ್ವಸಹಾಯ ಸಂಘದ ಮಹಿಳೆಯರಿಗೇ ಚಾಲನೆ ಕಲಿಸಿ, ಒಕ್ಕೂಟದೊಂದಿಗೆ ಒಪ್ಪಂದ ಮಾಡಿಕೊಂಡು ಕಸ ಸಂಗ್ರಹವನ್ನು ವಹಿಸಿಕೊಡುವ ವ್ಯವಸ್ಥೆಯನ್ನು ಗ್ರಾಮೀಣಾಭಿವೃದ್ಧಿ ಇಲಾಖೆ ರೂಪಿಸಿದ್ದು ನಮಗೆ ಅನುಕೂಲವಾಯಿತು. ತರಬೇತಿ ಕೊಡುವುದು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ, ಅಂದರೆ ಎಲ್ಲರೂ ಆರ್‌ಸೆಟಿ ಎಂದು ಕರೆಯುವ ಸಂಸ್ಥೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದವರು ಎರಡು ಬ್ಯಾಂಕುಗಳ ಜೊತೆ ಸೇರಿ ಆರಂಭಿಸಿದ ರುಡ್‌ಸೆಟ್ ಮಾದರಿಯೇ ಮುಂದೆ ದೇಶದ ಜಿಲ್ಲೆ ಜಿಲ್ಲೆಗಳಿಗೆ ಹಬ್ಬಿ ಹೀಗೆ ಹೆಸರು ಪಡೆಯಿತು. ಊಟ, ವಸತಿ ಸಹಿತ ಮೂವತ್ತು ದಿನಗಳ ಉಚಿತ ತರಬೇತಿ. ಆದರೆ ಉಚಿತ ಎಂದಾಕ್ಷಣ ಬಾಗಿಲು ತೆರೆದಿದೆ ಎಂದರ್ಥವಲ್ಲ. ಮೂವತ್ತು ದಿನ ಮನೆ ಬಿಟ್ಟು ಇರಬೇಕಾದರೆ ಮಗುವನ್ನು ನೋಡಿಕೊಳ್ಳುವವರು ಯಾರು, ಕೊಟ್ಟಿಗೆಯಲ್ಲಿ ಹಾಲು ಕರೆಯುವವರು ಯಾರು ಎಂಬ ಪ್ರಶ್ನೆಗಳಿಗೆ ಪ್ರತಿಯೊಂದು ಮನೆಯಲ್ಲೂ ಕುಳಿತು ಉತ್ತರ ಹುಡುಕಬೇಕಾಯಿತು. ಕೊನೆಗೆ ಹೊರಟು ನಿಂತವರು ಮೂವರು.

ಅನಂತರದ್ದು ಕಾಗದಪತ್ರಗಳ ಕೆಲಸ, ಅದೇ ನಿಜವಾದ ತಡೆ. ಒಬ್ಬಳ ಶಾಲೆಯ ಟಿಸಿಯಲ್ಲಿ ತಂದೆಯ ಹೆಸರು, ಆಧಾರ್‌ನಲ್ಲಿ ಗಂಡನ ಹೆಸರು. ಇನ್ನೊಬ್ಬಳ ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1 ಎಂದಿತ್ತು. ನಮ್ಮ ಕಡೆ ಹುಟ್ಟಿದ ತಾರೀಖು ಗೊತ್ತಿಲ್ಲದವರೆಲ್ಲರಿಗೂ ಹಾಗೆ ಬರೆದು ಮುಗಿಸಿದ್ದಾರೆ. ಇವನ್ನೆಲ್ಲ ಸರಿಪಡಿಸದೆ ಕಲಿಕಾ ಪರವಾನಗಿಯಾದ ಎಲ್‌ಎಲ್‌ಆರ್ ಸಿಗುವುದಿಲ್ಲ, ಎಲ್‌ಎಲ್‌ಆರ್ ಸಿಕ್ಕು ಮೂವತ್ತು ದಿನ ಕಳೆಯದೆ ಡಿಎಲ್ ಪರೀಕ್ಷೆಗೆ ನಿಲ್ಲುವಂತಿಲ್ಲ. ಇದರ ನಡುವೆ, ಕಸದ ಗಾಡಿಗೆ ಬ್ಯಾಡ್ಜ್ (ಸಾರಿಗೆ ವಾಹನ ಓಡಿಸುವ ಪ್ರತ್ಯೇಕ ಅನುಮತಿ) ಬೇಕು, ಬರೀ ಲಘು ವಾಹನದ ಪರವಾನಗಿ ನಡೆಯುವುದಿಲ್ಲ ಎಂದು ಪಂಚಾಯತಿಯಲ್ಲಿ ಒಬ್ಬರು ಆಕ್ಷೇಪ ತೆಗೆದರು. 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನು ಲಘು ವಾಹನದ ಪರವಾನಗಿಯಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿತ್ತು. ಅದರ ಪ್ರತಿ ತೆಗೆಸಿ ಪಿಡಿಒ ಅವರ ಮೇಜಿನ ಮೇಲಿಟ್ಟೆ. 2024ರ ನವೆಂಬರಿನಲ್ಲಿ ಸಂವಿಧಾನ ಪೀಠವೂ ಅದನ್ನೇ ಎತ್ತಿಹಿಡಿದ ಸುದ್ದಿ ಓದಿದಾಗ ನಮ್ಮಂಥ ಎಷ್ಟು ಪಂಚಾಯತಿಗಳ ಗಾಡಿಗಳು ಈ ಒಂದು ಸಂಶಯದಿಂದಲೇ ನಿಂತಿದ್ದಿರಬಹುದು ಎಂದು ಯೋಚಿಸಿದ್ದೆ.

ಡಿಎಲ್ ಪರೀಕ್ಷೆಯ ದಿನ ಬೆಳಗಿನ ಮೊದಲ ಬಸ್ಸಿಗೆ ನಾವು ನಾಲ್ವರೂ ಸಾಗರಕ್ಕೆ ಹೊರಟೆವು. ಸಾರಿಗೆ ಕಚೇರಿಯ ಮುಂದೆ ಆಗಲೇ ಯುವಕರ ಸಾಲಿತ್ತು, ಬಹುಪಾಲು ಜನರ ಪಕ್ಕದಲ್ಲಿ ಒಬ್ಬೊಬ್ಬ ಏಜೆಂಟರಿದ್ದರು. ನಮ್ಮ ಜೊತೆಗೆ ಇದ್ದದ್ದು ತರಬೇತಿ ಸಂಸ್ಥೆಯ ಬೋಧಕರು ಮತ್ತು ನನ್ನ ಕೈಯಲ್ಲಿನ ಕಡತ. ಮೂವರಲ್ಲಿ ಹಿರಿಯಳು ಮೊದಲು ಹೋದಳು. ಕೈಸನ್ನೆ, ತಿರುವು, ರಿವರ್ಸ್ ಎಲ್ಲವನ್ನೂ ಅವಸರವಿಲ್ಲದೆ ಮುಗಿಸಿ ಇಳಿದಳು. ಎರಡನೆಯವಳಿಗೆ ಏರಿನಲ್ಲಿ ಗಾಡಿ ನಿಲ್ಲಿಸಿ ಮತ್ತೆ ಹೊರಡಿಸಲು ಹೇಳಿದಾಗ ಎಂಜಿನ್ ಬಂದ್ ಬಿತ್ತು. ಸಾಲಿನಲ್ಲಿದ್ದವರಲ್ಲಿ ಯಾರೋ ನಕ್ಕರು. ಇನ್ಸ್‌ಪೆಕ್ಟರ್ ಅವರು ತಿರುಗಿ ನೋಡಿ, "ನಿಮ್ಮ ಸರದಿ ಬಂದಾಗ ನಾನೂ ನೋಡುತ್ತೇನೆ" ಎಂದಷ್ಟೇ ಹೇಳಿ, ಅವಳಿಗೆ ಇನ್ನೊಮ್ಮೆ ಅವಕಾಶ ಕೊಟ್ಟರು. ಅವಳು ಹಾಫ್ ಕ್ಲಚ್ಚಿನಲ್ಲಿ ಗಾಡಿಯನ್ನು ಹಿಡಿದು, ಒಂದಡಿಯೂ ಹಿಂದೆ ಸರಿಯಗೊಡದೆ ಏರು ಹತ್ತಿಸಿದಳು. ನಮ್ಮೂರಿನ ಅರ್ಧ ಮನೆಗಳು ಗುಡ್ಡದ ಮೇಲಿರುವುದರಿಂದ, ಅಂದು ನಡೆದ ಪರೀಕ್ಷೆಯಲ್ಲಿ ನಮ್ಮ ಕೆಲಸಕ್ಕೆ ಅತ್ಯಂತ ಹತ್ತಿರವಾದ ಭಾಗ ಅದೇ ಆಗಿತ್ತು ಎಂದು ನಾನು ಈಗಲೂ ನಂಬುತ್ತೇನೆ. ಮೂರನೆಯವಳು ರಿವರ್ಸಿನಲ್ಲಿ ಗುರುತಿನ ಕಂಬಕ್ಕೆ ತಾಗಿಸಿದಳು. ಏಳು ದಿನ ಬಿಟ್ಟು ಮತ್ತೆ ಬರಬೇಕೆಂಬುದು ನಿಯಮ.

ಹಿಂತಿರುಗುವ ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕುಳಿತು, "ಅಕ್ಕಾ, ಫೇಲಾಗಿದ್ದಕ್ಕೆ ಬೇಜಾರಿಲ್ಲ, ಇವತ್ತು ಮನೆಗೆ ಹೋದ್ರೆ ಅತ್ತೆ ಇನ್ನೊಂದ್ಸಲ ಕಳಿಸ್ತಾರೋ ಇಲ್ವೋ ಅಂತ ಭಯ" ಎಂದಳು. ಅವಳ ಅತ್ತೆಗೆ ಸೊಸೆ ಗಾಡಿ ಕಲಿಯುವುದರ ಬಗ್ಗೆ ಹೆಮ್ಮೆಯೇ ಇತ್ತು. ಆದರೆ ಆ ಗಾಡಿ ಕಸದ್ದು ಎಂಬುದು ಅವರಿಗೆ ನುಂಗಲಾರದ ಮಾತು. ಓದಿದ ಹುಡುಗಿ ಊರವರ ಕಸ ಎತ್ತುವುದೇ ಎಂಬ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಮೂರೂ ಮನೆಗಳಲ್ಲಿ ಕೇಳಿದ್ದೇನೆ. ಅದರ ಒಳಗಿರುವುದು ಜಾತಿಯ ಲೆಕ್ಕ. ಕಸ ಯಾರು ಎತ್ತಬೇಕು, ಯಾರು ಎತ್ತಬಾರದು ಎಂಬುದನ್ನು ಊರು ಎಂದೋ ನಿರ್ಧರಿಸಿಟ್ಟಿದೆ. ಆ ಸಂಜೆ ನಾನು ಅವರ ಮನೆಗೆ ಹೋಗಿ, ಹಸಿಕಸ, ಒಣಕಸವನ್ನು ಮನೆಯವರೇ ಬೇರ್ಪಡಿಸಿ ಕೊಡಬೇಕೆಂದು ಪಂಚಾಯತಿ ನಿರ್ಣಯ ಮಾಡಿದೆ, ಕೈಗವಸು, ಬೂಟು ಕೊಡುತ್ತದೆ, ಸಂಬಳ ಬ್ಯಾಂಕ್ ಖಾತೆಗೆ ಬರುತ್ತದೆ ಎಂದು ವಿವರಿಸಿದೆ. ಅತ್ತೆಯವರು ಎಲ್ಲವನ್ನೂ ಕೇಳಿ ಕೊನೆಗೆ ಕೇಳಿದ್ದು ಒಂದೇ ಮಾತು: "ಸಂಬಳ ತಿಂಗಳಾ ತಿಂಗಳಾ ಬರ್ತದಾ?" ವಾರದ ನಂತರ ಅವಳು ಪರೀಕ್ಷೆ ಪಾಸಾದಳು.

ಆ ಪ್ರಶ್ನೆಗೆ ಗಟ್ಟಿ ಉತ್ತರ ನನ್ನ ಬಳಿ ಇರಲಿಲ್ಲ, ಏಕೆಂದರೆ ಒಪ್ಪಂದದ ಕರಡಿನಲ್ಲಿ ಚಾಲಕಿಯರ ಮತ್ತು ಸಹಾಯಕಿಯರ ಗೌರವಧನವನ್ನು ಮನೆಗಳಿಂದ ವಸೂಲಾಗುವ ಶುಲ್ಕದಿಂದ ಮತ್ತು ಒಣಕಸದ ಮಾರಾಟದಿಂದ ಒಕ್ಕೂಟವೇ ಭರಿಸಿಕೊಳ್ಳಬೇಕೆಂದಿತ್ತು. ಮನೆಗೆ ತಿಂಗಳಿಗೆ 30 ರೂಪಾಯಿ. ಮೊದಲ ತಿಂಗಳು ಕೊಡುವವರಿಗಿಂತ ಕೊಡದವರೇ ಹೆಚ್ಚಿರುತ್ತಾರೆ ಎಂಬುದು ನೀರಿನ ಕರ ವಸೂಲಿ ನೋಡಿದ ಯಾರಿಗಾದರೂ ಗೊತ್ತು. ಜನ ಶುಲ್ಕ ಕೊಡದಿದ್ದರೆ ಅದರ ನಷ್ಟ ಪಂಚಾಯತಿಯ ಮೇಲೆ ಬೀಳಬೇಕೇ ಹೊರತು ಬೆಳಗ್ಗೆ ಆರಕ್ಕೆ ಗಾಡಿ ಹೊರಡಿಸುವ ಹೆಂಗಸಿನ ಮೇಲೆ ಬೀಳಬಾರದು ಎಂದು ನಾನು ಸಾಮಾನ್ಯ ಸಭೆಯಲ್ಲಿ ಹೇಳಿದೆ. ಸದಸ್ಯರಲ್ಲಿ ಒಬ್ಬರು ಇದು ಸೇವೆಯಲ್ಲವೇ ಎಂದರು. ನೀರುಗಂಟಿಯದ್ದೂ ಸೇವೆಯೇ, ಆದರೆ ಅವರಿಗೆ ಯಾರೂ ಮನೆಮನೆಯಿಂದ ಸಂಬಳ ಎತ್ತಿಕೊಳ್ಳಿ ಎನ್ನುವುದಿಲ್ಲ. ನಿರುದ್ಯೋಗಿಗಳಿಗೆ ಕೆಲಸ ಕೊಡುತ್ತೇವೆ ಎನ್ನುವ ಸರ್ಕಾರಿ ಸಂಸ್ಥೆ ಆ ಕೆಲಸಕ್ಕೆ ಗೌರವಧನ ಎಂದು ಹೆಸರಿಟ್ಟು ಹೊಣೆಯಿಂದ ಜಾರಿಕೊಳ್ಳುವುದು ನನಗೆ ಒಪ್ಪಿಗೆಯಾಗದ ಸಂಗತಿ. ಅಧ್ಯಕ್ಷರು ಒಕ್ಕೂಟದ ಪರ ನಿಂತದ್ದರಿಂದ, ವಸೂಲಿಯಲ್ಲಿ ಕೊರತೆಯಾದ ತಿಂಗಳು ಆ ಕೊರತೆಯನ್ನು ಪಂಚಾಯತಿಯ ಸ್ವಂತ ಸಂಪನ್ಮೂಲದಿಂದ ತುಂಬುವುದೆಂದು ನಡಾವಳಿಯಲ್ಲಿ ಬರೆಸಲಾಯಿತು. ಡೀಸೆಲ್, ದುರಸ್ತಿ, ವಿಮೆ ಪಂಚಾಯತಿಯದ್ದೇ.

ಗಾಡಿ ಹೊರಟಿತು. ಮೊದಲ ವಾರ ಧ್ವನಿವರ್ಧಕ ಕೇಳಿ ಹೊರಬಂದವರಲ್ಲಿ ಕಸ ಕೊಡಲು ಬಂದವರಿಗಿಂತ ಹೆಂಗಸು ಗಾಡಿ ಓಡಿಸುವುದನ್ನು ನೋಡಲು ಬಂದವರೇ ಹೆಚ್ಚು. ಆ ಕುತೂಹಲ ಬೇಗ ಮುಗಿಯಿತು. ಶುಲ್ಕ ವಸೂಲಿ ನಿಧಾನವಾಗಿ ಏರಿತು. ಮೂವರೂ ಸರದಿಯಲ್ಲಿ ಇಂದಿಗೂ ಕೆಲಸದಲ್ಲಿದ್ದಾರೆ.

ಈ ವರ್ಷ ಒಪ್ಪಂದ ನವೀಕರಣಕ್ಕೆ ಬಂದಾಗ ಒಕ್ಕೂಟದಿಂದ ಮೂರು ಅಂಶಗಳನ್ನು ಬರೆದು ಕೊಟ್ಟಿದ್ದೇವೆ: ಭವಿಷ್ಯನಿಧಿ, ಅಪಘಾತ ವಿಮೆ, ಮತ್ತು ಈಗ ಎರಡನೆಯ ಮಗುವಿನ ನಿರೀಕ್ಷೆಯಲ್ಲಿರುವ ಒಬ್ಬಳಿಗೆ ಸಂಬಳ ಸಹಿತ ಹೆರಿಗೆ ರಜೆ. ಮೊದಲ ಎರಡಕ್ಕೆ ಪಂಚಾಯತಿ ಮೇಲಿನ ಕಚೇರಿಯ ಅಭಿಪ್ರಾಯ ಕೇಳಿದೆ. ಮೂರನೆಯದು ಮುಂದಿನ ಸಭೆಯ ವಿಷಯಪಟ್ಟಿಯಲ್ಲಿದೆ, ಮತ್ತು ಅವಳ ರಜೆಯ ಅವಧಿಗೆ ಗಾಡಿ ನಿಲ್ಲದಂತೆ ಇನ್ನಿಬ್ಬರ ಹೆಸರನ್ನು ಆರ್‌ಸೆಟಿಯ ಮುಂದಿನ ತಂಡಕ್ಕೆ ಕಳುಹಿಸಿದ್ದೇನೆ.